ತೊಗರಿಯ ಮಳೆ

ಮುಂದಿನ ಬಾಗಿಲಿಗೆ ಬೀಗ.
ಇಪ್ಪತ್ತು ರೂಪಾಯಿ ಚೀಟಿ ಹಿಡಿದ ನಾವು ಒಂಬತ್ತು ಜನ
ಮಿರ್ಚಿಭಜಿಯ ಗಾಡಿ ದಾಟಿ, ಹಿಂದಿನ ಸಂದಿಯಲ್ಲಿ
ಚಪ್ಪಲಿ ಬಿಟ್ಟು ನಿಂತೆವು.
ಬಿಡಬೇಕೆಂದು ಯಾರೂ ಹೇಳಿರಲಿಲ್ಲ.

"ತಲಿ ಬಗ್ಗಿಸ್ರಿ" ಅಂದ ಲಾಡ್ಲೇಸಾಬ,
"ರಾಜರೂ ಇಲ್ಲಿ ಬಗ್ಗೇ ಬರ್ತಿದ್ರು,
ಕಿರೀಟ ಕೈಯಾಗ ಹಿಡಕೊಂಡು."

ನಲವತ್ತು ವರ್ಷ ಪರದೆ ಎಳೆದವನು.
ಅಂಗೈಯ ಗೆರೆಯನ್ನೆಲ್ಲ ಹಗ್ಗ ಒಯ್ದಿದೆ;
ಜ್ಯೋತಿಷಿಯೊಬ್ಬ ನೋಡಿ, ರೊಕ್ಕ ವಾಪಸು ಕೊಟ್ಟನಂತೆ.

ಹೊರಗೆ ಕಲಬುರಗಿಯ ಮೇ ತಿಂಗಳು.
ಒಳಗೆ ಅಂಗಾಲಿಗೆ ಶಹಾಬಾದಿ ಪರಸಿ ತಣ್ಣಗೆ.
ಹಗಲೂ ಅಲ್ಲ, ರಾತ್ರಿಯೂ ಅಲ್ಲ,
ಯಾರಾದರೂ ದೀಪ ಹಾಕಿದರೆ ಮಾತ್ರ
ಏನಾದರೊಂದು ಆಗುವ ಹೊತ್ತು.

ಅರಮನೆಗೆ ಬೆನ್ನಿತ್ತು.
ಬೆನ್ನ ತುಂಬ ಬಿದಿರು, ಮೊಳೆ, ಸೀಸಕಡ್ಡಿಯ ಲೆಕ್ಕ:
ಚಹಾ ಹನ್ನೊಂದು, ಬೀಡಿ ಎರಡು ಕಟ್ಟು, ಬಾಕಿ.
ಇನ್ನೊಂದು ಬಟ್ಟೆಯ ಎರಡೂ ಮಗ್ಗುಲಿಗೆ ಬಣ್ಣ,
ಇತ್ತ ದರ್ಬಾರು, ತಿರುವಿದರೆ ವನವಾಸ.
ಚಂದ್ರ, ಎಣ್ಣೆ ಡಬ್ಬಿಯ ತಳ.
ಹುಣ್ಣಿಮೆಯೊಂದೇ ಗೊತ್ತು ಅದಕ್ಕೆ.

ಬಣ್ಣದ ಖೋಲಿಯ ಕನ್ನಡಿಯ ತುಂಬ ಟಿಕಳಿ.
ಕೆಂಪು, ಮಾಸಿದ ಕೆಂಪು, ಕೆಂಪೆಂದು ನಂಬಬೇಕಾದ್ದು.
"ಪಾತ್ರದ್ದು ಹಚ್ಚಿಕೊಳ್ಳಾಕ ಮದಲ
ತಮ್ದು ತಗದು ಇಲ್ಲಿ ಅಂಟಸ್ತಿದ್ರು.
ಹೋಗುವಾಗ ಕೆಲವರು ಮರೀತಿದ್ರು."
ಮೂವತ್ತೊಂದರವರೆಗೆ ಎಣಿಸಿದೆ.
ಬಗ್ಗಿದಾಗ ಒಂದು ನನ್ನ ಹಣೆಗೆ ಸರಿಯಾಗಿ ಕೂತಿತು.
ಸರಿದು ನಿಂತೆ.

ಪಕ್ಕದ ಮರೆಯಲ್ಲಿ ಒಂದು ಮಣೆ, ಒಂದು ಮೊಳ ಕತ್ತಲೆ.
ಇಲ್ಲಿ ಕೂತು ಮಾತು ಎತ್ತಿಕೊಡುತ್ತಿದ್ದವರು ಗುಂಡೇರಾಯರು.
ನಿಜಾಮನ ಕಾಲದ ಶಾಲೆ, ಕಲಿತದ್ದು ಉರ್ದು ಅಕ್ಷರ,
ಹಾಗಾಗಿ ಅವರ ವಹಿಯಲ್ಲಿ ರಾಣಿಯ ಕನ್ನಡವೆಲ್ಲ
ಬಲದಿಂದ ಎಡಕ್ಕೆ ನಡೆಯುತ್ತದೆ.
ಬೆರಳಿಟ್ಟು ಓದಿದ ಲಾಡ್ಲೇಸಾಬ:
"ಈ ಅಂತಃಪುರದ ದುಃಖವನ್ನು ಯಾರಿಗೆ ಹೇಳಲಿ, ಸಖೀ!"
ಬರೆಯದೆ ಬಿಟ್ಟ ವಿಸರ್ಗಗಳಿಗೆ
ಎದೆಯಿಂದ ಉಸಿರು ತಂದು ಹಾಕುತ್ತ.

"ಮಳಿ ಎಲ್ಲದ?" ಕೇಳಿತು
ಐದನೇ ಇಯತ್ತೆಯ ಹುಡುಗಿ.

ಅವನು ಅಟ್ಟದಿಂದ ಮರ ಇಳಿಸಿದ.
"ಎಲ್ಲಾರೂ ಕಣ್ಣು ಮುಚ್ಚರಿ."

ಮೊದಲು ನಾಲ್ಕೇ ಹನಿ, ತಗಡಿನ ಮೇಲೆ, ದೂರದಲ್ಲಿ.
ಆಮೇಲೆ ಓಣಿಯ ತುದಿಯಿಂದ ಓಡಿ ಬಂದಂತೆ,
ಒಣಹಾಕಿದ ಸೀರೆಗೆ ಯಾರೋ ಕೂಗಿದಂತೆ,
ಬಂತು.
ಪಕ್ಕದ ಹೆಂಗಸು ಸೆರಗು ತಲೆಗೆಳೆದದ್ದು ಕೇಳಿಸಿತು.

ಕಣ್ಣು ತೆರೆದರೆ ಮರದಲ್ಲಿ ತೊಗರಿ.
"ಇಡೀ ಕಾಳು ಬೇಕ್ರಿ. ಬ್ಯಾಳಿ ಹಾಕಿದ್ರ ಬರೇ ತುಂತುರು.
ಕಂಪನಿ ನಿಂತ ವರ್ಷ ಪಗಾರ ಇರಲಿಲ್ಲ,
ಏಳು ಮಂದಿ ಉಳದಿದ್ದೆವ್ರಿ.
ಒಂದ್ ರಾತ್ರಿ ಮಳೀನೇ ಕುದಿಸಿ ಉಂಡೆವು.
ರಾಣೀನೇ ಒಗ್ಗರಣಿ ಕೊಟ್ಲು."

ನಕ್ಕೆವು.
ನಗು ಮುಗಿಯುವಷ್ಟು ಹೊತ್ತು, ಅಷ್ಟೇ ಹೊತ್ತು,
ಅವನು ಸುಮ್ಮನಿದ್ದ. ಅಳತೆ ಗೊತ್ತಿದ್ದವನ ಹಾಗೆ.
ಹಿಂಬದಿ ನೋಡಲು ಬಂದವಳಿಗೆ ಅಲ್ಲಿ ಅನುಮಾನ:
ನಾನಿನ್ನೂ ಮುಂದೆಯೇ ಕೂತಿದ್ದೇನೆಯೆ?

ಉಳಿದವರು ರಂಗದ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದರು.
ಚಪ್ಪಲಿಗೆಂದು ನಾನೊಬ್ಬಳೇ ಮರಳಿದೆ.
ಮೊಣಕಾಲೂರಿ, ಪರಸಿಯ ಸಂದಿನಿಂದ
ಚೆಲ್ಲಿದ ಕಾಳು ಹೆಕ್ಕುತ್ತಿದ್ದ.
ಐದು ಗಂಟೆಯ ಮಂದಿ ಆಗಲೇ ಹೊರಗೆ ಕಾದಿದ್ದರು.
ತುಟಿ ಅಲ್ಲಾಡುತ್ತಿತ್ತು:
"ಪಗಾರ ಇರಲಿಲ್ಲ... ಏಳು ಮಂದಿ...
ಒಂದ್ ರಾತ್ರಿ... ಒಂದ್ ರಾತ್ರಿ..."
ಕಾಳು ಹಿಡಿದ ಕೈ ನಿಂತಿತು.

ನಾನು ನಿಂತದ್ದು ಗುಂಡೇರಾಯರ ಮಣೆಯ ಹತ್ತಿರ.
"ಮಳೀನೇ" ಅಂದೆ, ಪಿಸುದನಿಯಲ್ಲಿ.

"ಮಳೀನೇ ಕುದಿಸಿ ಉಂಡೆವು" ಅಂದ ಲಾಡ್ಲೇಸಾಬ,
ಈ ಕಡೆ ತಿರುಗದೆ.